ಐದು ಸಲ ಟೂರಿಸ್ಟು

ಹೋದ ಜನವರಿಯಲ್ಲಿ ಬ್ಯಾಂಕಾಕಿನ ಏರ್‌ಪೋರ್ಟಿನಲ್ಲಿ ನನ್ನನ್ನು ಸಾಲಿನಿಂದ ಹೊರಗೆ ಕರೆದು ಪಕ್ಕದ ಕೋಣೆಯಲ್ಲಿ ಕೂರಿಸಿದರು. ನನಗೆ ಅರವತ್ತಮೂರು ವರ್ಷ. ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷ ದುಡಿದು ರಿಟೈರ್ ಆದವಳು, ಜೀವಮಾನದಲ್ಲಿ ಒಂದು ಟ್ರಾಫಿಕ್ ಫೈನು ಕೂಡ ಕಟ್ಟಿದವಳಲ್ಲ. ಅಂಥವಳನ್ನು ಕಳ್ಳಿಯ ಹಾಗೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿದರೆ ಮೈ ಉರಿಯುವುದಿಲ್ಲವೇ? ಉರಿಯಿತು. ಆದರೆ ಬಾಯಿ ಮುಚ್ಚಿಕೊಂಡು ಕೂತೆ, ಯಾಕೆಂದರೆ ತಪ್ಪು ನನ್ನದೇ ಅಂತ ನನಗೆ ಒಳಗೊಳಗೇ ಗೊತ್ತಿತ್ತು.

ಎದುರಿಗಿದ್ದ ಆಫೀಸರು ಮೂವತ್ತರ ಆಸುಪಾಸಿನ ಹೆಂಗಸು. ನನ್ನ ಪಾಸ್‌ಪೋರ್ಟಿನ ಹಾಳೆಗಳನ್ನು ಪೆನ್ಸಿಲಿನಿಂದ ಒಂದೊಂದಾಗಿ ತಿರುವಿ, ಎರಡು ವರ್ಷದಲ್ಲಿ ಇದು ಐದನೇ ಸಲ, ಪ್ರತಿ ಸಲವೂ ಟೂರಿಸ್ಟಿಗೆ ವೀಸಾ ಇಲ್ಲದೆ ಕೊಡುವ ಅರವತ್ತು ದಿನ ಮುಗಿಸಿ ಮೇಲೆ ಮೂವತ್ತು ದಿನ ಕೇಳಿ ತೆಗೆದುಕೊಂಡಿದ್ದೀರಿ ಅಂದಳು. ಹೌದು ಅಂದೆ. ಟೂರಿಸ್ಟೇ ಅಂತ ಕೇಳಿದಳು. ಹೌದು ಅಂದೆ. ಹಾಗಾದರೆ ನೀವು ಪ್ರತಿ ಸಲ ಉಳಿಯುವ ಚಿಯಾಂಗ್ ಮಾಯ್ ಊರಿನಲ್ಲಿ ಏನೇನು ನೋಡಿದಿರಿ ಅಂದಳು.

ಅಲ್ಲಿ ಸಿಕ್ಕಿಬಿದ್ದೆ. ಊರಿನ ಪಕ್ಕದ ಬೆಟ್ಟದ ಮೇಲೆ ಚಿನ್ನದ ದೇವಸ್ಥಾನವಿದೆ, ಪ್ರಪಂಚದವರೆಲ್ಲ ಬಂದು ನೋಡಿ ಹೋಗುತ್ತಾರೆ, ನಮ್ಮ ಮನೆಯ ಹಿತ್ತಲಿನಿಂದ ಅದು ದಿನಾ ಕಾಣಿಸುತ್ತದೆ. ನಾನು ಒಂದು ದಿನವೂ ಹತ್ತಿಲ್ಲ. ನನಗೆ ಗೊತ್ತಿದ್ದದ್ದು ಕಣ್ಣಾಸ್ಪತ್ರೆಯ ಮೂರನೇ ಮಹಡಿ, ಹೀರೇಕಾಯಿ ಮಾರುವವಳ ಗಾಡಿ, ಬ್ಲೌಸಿನ ತೋಳು ಸರಿಯಾಗಿ ಹೊಲಿಯುವ ಒಬ್ಬಳೇ ಟೈಲರು. ಆನೆ ನೋಡಿದೆ ಅಂತ ಸುಳ್ಳು ಹೇಳಿದೆ. ಎಲ್ಲಿ ಅಂದಳು.

ಅವಳು ಬ್ಯಾಗಿನಲ್ಲಿ ಏನಿದೆ ತೋರಿಸಿ ಅಂದಾಗಲಂತೂ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಚೆಕ್ಕಿನ್ ಸೂಟ್‌ಕೇಸಿಗೆ ಇಪ್ಪತ್ತಮೂರು ಕೇಜಿಯ ಮಿತಿ. ರಾಗಿಹಿಟ್ಟು, ಹುಣಸೆಹಣ್ಣು, ಸಾರಿನ ಪುಡಿ, ಗ್ರೈಂಡರಿನ ಮೋಟಾರು ಅಂತ ತುಂಬಿಸುವಷ್ಟರಲ್ಲಿ ತೂಕ ಮುಗಿದು, ಗ್ರೈಂಡರಿನ ಕಲ್ಲುಗಳು ಹೊರಗೆ ಉಳಿದಿದ್ದವು. ಭಾರದ್ದೆಲ್ಲ ಹ್ಯಾಂಡ್ ಬ್ಯಾಗಿಗೆ ತುರುಕುವುದನ್ನು ನಮ್ಮವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹತ್ತಿ ಸೀರೆಯಲ್ಲಿ ಸುತ್ತಿದ್ದ ಎರಡು ಕಪ್ಪು ಕಲ್ಲುಗಳು ಆಫೀಸರಮ್ಮನ ಮೇಜಿನ ಮೇಲೆ ಕೂತವು. ಒಂದನ್ನು ಎರಡು ಕೈಯಲ್ಲಿ ಎತ್ತಿ ನೋಡಿ, ಇದೇನು ಅಂದಳು. ದೋಸೆಗೆ ಹಿಟ್ಟು ರುಬ್ಬುವುದು ಅಂದೆ. ಹೋಟೆಲಿನ ರೂಮಿನಲ್ಲಿ ರುಬ್ಬುತ್ತೀರಾ ಅಂತ ಕೇಳಿದಳು. ಕೇಳಿದ್ದರಲ್ಲಿ ಕೊಂಕಿರಲಿಲ್ಲ, ಅದಕ್ಕೇ ನನಗೆ ಹೆಚ್ಚು ನಾಚಿಕೆಯಾದದ್ದು.

ಕಲ್ಲನ್ನು ಮತ್ತೆ ಸೀರೆಯಲ್ಲಿ ಸುತ್ತಿಕೊಟ್ಟು ಅವಳು ನಿಧಾನವಾಗಿ ಹೇಳಿದಳು: "ನೀವು ಟೂರಿಸ್ಟ್ ಅಲ್ಲ. ನೀವು ಇಲ್ಲಿ ವಾಸ ಮಾಡ್ತಿದ್ದೀರಿ. ಈ ಸಲ ಬಿಡ್ತೀನಿ. ಮುಂದಿನ ಸಲ ವೀಸಾ ಇಲ್ಲದೆ ಬರಬೇಡಿ." ಮುದ್ರೆ ಒತ್ತಿದಳು. ನಾನು ಕೈ ಮುಗಿದು ಎದ್ದು ಬಂದೆ.

ಅಲ್ಲಿ ಯಾರ ಮನೆಯಲ್ಲಿ ವಾಸ ಅಂತ ಹೇಳಬೇಕು. ಬಂಗಾರೆವ್ವನ ಮನೆಯಲ್ಲಿ. ಗದಗಿನ ಕಡೆಯವಳು, ನನಗಿಂತ ಎರಡು ವರ್ಷ ದೊಡ್ಡವಳು, ಆದರೂ ನಾನವಳನ್ನು ಹೆಸರು ಹಿಡಿದೇ ಕರೆಯುವುದು. ಸ್ಯಾನ್ ಹೋಸೆಯ ಎವರ್‌ಗ್ರೀನ್ ಬಡಾವಣೆಯಲ್ಲಿ ನಮ್ಮ ಹಿಂದಿನ ಬೀದಿಯ ಅಪಾರ್ಟ್‌ಮೆಂಟಿನಲ್ಲಿದ್ದಳು, ಡೇಕೇರಿನಲ್ಲಿ ಕೆಲಸ ಮಾಡುತ್ತಿದ್ದಳು. ಮಕ್ಕಳಿಲ್ಲ, ಗಂಡ ಎಂದೋ ತೀರಿಕೊಂಡ. ನನ್ನ ಯಜಮಾನರು ಜಯರಾಮ್ ಹೋದಾಗ ಹದಿಮೂರು ದಿನ ಮನೆ ತುಂಬ ಜನ. ಬೇ ಏರಿಯಾದ ಕನ್ನಡದವರೆಲ್ಲ ಪುಳಿಯೋಗರೆ, ಮೊಸರನ್ನ ತಂದು ಫ್ರಿಜ್ಜು ತುಂಬಿಸಿದರು. ಹದಿನಾಲ್ಕನೇ ದಿನ ಬೆಳಿಗ್ಗೆ ಆರಕ್ಕೆ ಬಾಗಿಲು ತಟ್ಟಿದವಳು ಇವಳೊಬ್ಬಳೇ. ಏಳು, ಚಪ್ಪಲಿ ಹಾಕ್ಕೊ ಅಂದಳು. ಬೆಟ್ಟದ ರಸ್ತೆಯಲ್ಲಿ ಒಂದು ಮೈಲಿ ನಡೆಸಿ ಮನೆಗೆ ಬಿಟ್ಟಳು. ಒಂದು ವರ್ಷ ಒಂದು ದಿನವೂ ತಪ್ಪಿಸಲಿಲ್ಲ. ನಾನು ಬದುಕಿದ್ದೇ ಅದರಿಂದ, ಇದನ್ನು ಅಲಂಕಾರಕ್ಕೆ ಹೇಳುತ್ತಿಲ್ಲ.

ಡೇಕೇರಿನ ಕೆಲಸ ಬಿಟ್ಟ ಮೇಲೆ ಅವಳು ನಿವೃತ್ತರ ವೀಸಾ ಮಾಡಿಸಿಕೊಂಡು ಚಿಯಾಂಗ್ ಮಾಯ್‌ಗೆ ಹೋಗಿ ಎರಡು ರೂಮಿನ ಒಂದು ಮನೆ ಹಿಡಿದಳು. ಬಂದು ನೋಡು ಅಂದಳು, ನೋಡಲು ಹೋದೆ. ಮೊದಲ ಸಲ ನಿಜವಾಗಿಯೂ ಟೂರಿಸ್ಟೇ ಇದ್ದೆ. ಆಮೇಲೆ ಅವಳ ಬಲಗಣ್ಣು ಹೋಯಿತು, ಎಡಗಣ್ಣಿನ ನಡುವೆ ಕಪ್ಪು ಮಚ್ಚೆ ಶುರುವಾಯಿತು. ತಿಂಗಳಿಗೊಮ್ಮೆ ಕಣ್ಣಿಗೇ ಇಂಜೆಕ್ಷನ್ನು, ದಿನಾ ಎರಡು ಹೊತ್ತು ಡ್ರಾಪ್ಸು. ನಾನಿಲ್ಲದಾಗ ಪಕ್ಕದ ಮನೆಯಾಕೆ ಬಂದು ಹಾಕುತ್ತಾಳೆ, ಆದರೆ ಅವಳಿಗೂ ಹೊಟ್ಟೆಪಾಡಿದೆ. ನಾನು ಅಲ್ಲಿದ್ದಾಗ ಬೆಳಿಗ್ಗೆ ರೊಟ್ಟಿಯೋ ಮುದ್ದೆಯೋ ಅಂತ ಜಗಳ, ಸಂಜೆ ಮಾತಿಲ್ಲ ಕತೆಯಿಲ್ಲ, ರಾತ್ರಿ ಊಟಕ್ಕೆ ಕೂತಾಗ ರಾಜಿ. ಅವಳ ಹತ್ತಿರ ಜಗಳವಾಡುವಾಗ ನಾನು ಮನೆಯವಳು ಅನ್ನಿಸುತ್ತದೆ. ಸ್ವಂತ ಮನೆಯಲ್ಲಿ ನಾನು ಜಗಳವಾಡುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು.

ಸ್ವಂತ ಮನೆ ಅಂದೆನಲ್ಲ, ಅದರ ಕತೆಯೂ ಇಷ್ಟೆ. ಯಜಮಾನರು ಹೋದ ಮೇಲೆ ಅಮ್ಮ ಒಬ್ಬಳೇ ಇರಬಾರದು ಅಂತ ಮಗ ಸುಜಯ್, ಸೊಸೆ ಸಂಯುಕ್ತಾ, ಮೊಮ್ಮಗಳು ಮಾನ್ಯಾ ವಾಲ್ನಟ್ ಕ್ರೀಕಿನ ಮನೆ ಬಿಟ್ಟು ಎವರ್‌ಗ್ರೀನಿಗೆ ಬಂದರು. ಒಳ್ಳೆಯ ಮನಸ್ಸಿನಿಂದಲೇ ಬಂದರು. ಮಹಡಿಯ ದೊಡ್ಡ ರೂಮು ಅವರಿಗೆ ಬೇಕಾಯಿತು, ಮಂಡಿನೋವಿರುವ ನನಗೆ ಕೆಳಗಿನ ಚಿಕ್ಕ ರೂಮು ಅನುಕೂಲವಾಯಿತು. ಸೋಫಾ ಬದಲಾಯಿತು. ಅಡುಗೆಮನೆಯ ಡಬ್ಬಿಗಳು ಜಾಗ ಬದಲಿಸಿದವು. ಒಂದು ದಿನ ನನ್ನದೇ ಮನೆಯಲ್ಲಿ, ಭಾನುವಾರ ನನ್ನ ಲ್ಯಾಬಿನ ಗೆಳತಿಯರನ್ನು ಊಟಕ್ಕೆ ಕರೆಯಬಹುದಾ ಅಂತ ನಾನು ಸುಜಯ್‌ನನ್ನು ಕೇಳಿದೆ. ಅವನು ಕ್ಯಾಲೆಂಡರು ನೋಡಿ, ಈ ವಾರ ಬೇಡಮ್ಮ ಅಂದ. ಯಾರೂ ಕೆಟ್ಟವರಲ್ಲ. ಹೊಟ್ಟೆಗೆ, ಬಟ್ಟೆಗೆ, ಗೌರವಕ್ಕೆ ಏನೂ ಕಡಿಮೆಯಿಲ್ಲ. ಆದರೆ ಥಾಯ್ಲೆಂಡಿಗೆ ಹೋಗುವಾಗ ಮನೆಗೆ ಹೊರಟೆ ಅನ್ನಿಸಲು ಶುರುವಾದದ್ದು ಅವತ್ತಿನಿಂದ.

ಅದನ್ನು ಬಾಯಿಬಿಟ್ಟು ಯಾರಿಗೂ ಹೇಳಲಿಲ್ಲ. ಅಮ್ಮನ ಟೂರು ಅಂತ ಇವರು ಅನ್ನುತ್ತಿದ್ದರು, ಟೂರು ಅಂತ ನಾನೂ ಅನ್ನುತ್ತಿದ್ದೆ. ಐವತ್ತು ದಾಟಿದವರಿಗೆ ನಿವೃತ್ತರ ವೀಸಾ ಸಿಗುತ್ತದೆ ಅಂತ ನನಗೆ ಮೊದಲಿನಿಂದ ಗೊತ್ತಿತ್ತು. ಅರ್ಜಿ ಹಾಕಿದರೆ ಮಗನಿಗೆ ಹೇಳಬೇಕು. ಟೂರಿಸ್ಟಾದರೆ ಹೇಳಬೇಕಾಗಿಲ್ಲ, ಟೂರಿಸ್ಟು ವಾಪಸು ಬರುತ್ತಾಳೆ. ಇದು ಹೇಡಿತನ, ಬೇರೆ ಹೆಸರಿಲ್ಲ.

ಏಪ್ರಿಲಿನಲ್ಲಿ ತೊಂಬತ್ತು ದಿನ ಮುಗಿಸಿ ಎವರ್‌ಗ್ರೀನಿಗೆ ಬಂದಾಗ ಆಫೀಸರಮ್ಮನ ವಿಷಯ ಹೇಳಿದೆ. ಸುಜಯ್‌ಗೆ ಸಮಾಧಾನವಾದದ್ದು ಮುಖದಲ್ಲೇ ಕಾಣಿಸಿತು. ಅವರೇ ಬೇಡ ಅಂದ್ರಲ್ಲ ಬಿಡಮ್ಮ ಅಂದ. ಬೇಸಿಗೆ ರಜಕ್ಕೆ ಮಾನ್ಯಾಳ ಕ್ಯಾಂಪುಗಳಿಗೆ ಯಾರು ಬಿಡಬೇಕು, ಯಾರು ಕರೆತರಬೇಕು ಅಂತ ಪಟ್ಟಿ ಮಾಡುವಾಗ ಎಲ್ಲ ಕಡೆಯೂ ನನ್ನ ಹೆಸರು ಬಂತು. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಬಂಗಾರೆವ್ವನ ಮನೆಯ ಕರಾರು ಜೂನ್ ಮೂವತ್ತಕ್ಕೆ ಮುಗಿಯುತ್ತದೆ. ಕಣ್ಣು ಈ ಸ್ಥಿತಿಯಲ್ಲಿರುವಾಗ ಅವಳೊಬ್ಬಳೇ ಇನ್ನೊಂದು ವರ್ಷಕ್ಕೆ ಸಹಿ ಹಾಕುವ ಹಾಗಿಲ್ಲ. ನಾನು ಅಷ್ಟರೊಳಗೆ ಹೋದರೆ ಮನೆ ಉಳಿಯುತ್ತದೆ. ಇಲ್ಲದಿದ್ದರೆ ಅವಳು ಗದಗಿನಲ್ಲಿ ತಮ್ಮನ ಮಗನ ಫ್ಲಾಟಿಗೆ ಹೋಗಬೇಕು. ಹಿಂದೊಮ್ಮೆ ಹೋದಾಗ ಹಾಲಿನ ದಿವಾನದ ಮೇಲೆ ಮಲಗಿಸಿದ್ದರಂತೆ, ಮನೆಯವರೆಲ್ಲ ಟೀವಿ ಆರಿಸಿದ ಮೇಲೆ ಅವಳಿಗೆ ನಿದ್ದೆ.

ಮೊದಲು ನಾನು ಅಡ್ಡದಾರಿಯನ್ನೇ ಹುಡುಕಿದೆ, ಮುಚ್ಚಿಡುವುದೇಕೆ? ವಾಲ್ನಟ್ ಕ್ರೀಕಿನಲ್ಲಿ ಶಿವಪ್ರಕಾಶ್ ಅಂತ ಹಾಸನದವರೊಬ್ಬರಿದ್ದಾರೆ. ವೀಸಾ, ಇನ್ಶೂರೆನ್ಸು, ಮಂಡಿಚಿಪ್ಪಿನ ಆಪರೇಷನ್ನು, ಯಾವುದಕ್ಕೂ ಸಲಹೆ ಕೊಡುವುದರಲ್ಲಿ ಎತ್ತಿದ ಕೈ. ಅವರು ಇಂಟರ್ನೆಟ್ಟಿನಲ್ಲಿ ಯಾರ್ಯಾರೋ ಬರೆದದ್ದನ್ನೆಲ್ಲ ಓದಿ ದಾರಿ ಹೇಳಿಕೊಟ್ಟರು. ಬ್ಯಾಂಕಾಕ್ ಬೇಡ, ಬೇರೆ ಏರ್‌ಪೋರ್ಟಿಗೆ ಇಳಿಯಿರಿ. ಕ್ಯಾನ್ಸಲ್ ಮಾಡಬಹುದಾದ ಹೋಟೆಲ್ ಬುಕ್ಕಿಂಗ್ ಇಟ್ಟುಕೊಳ್ಳಿ. ಹೊರಗೆ ಹೋಗುವ ಟಿಕೆಟ್ ತೋರಿಸಿ. ಕುತ್ತಿಗೆಗೆ ಕ್ಯಾಮೆರಾ ಇರಲಿ, ದಯವಿಟ್ಟು ರುಬ್ಬುಗಲ್ಲು ಬೇಡ ಮೇಡಂ ಅಂದರು. ಹದಿನೈದು ದೇವಸ್ಥಾನ, ನಾಲ್ಕು ಜಲಪಾತದ ಪಟ್ಟಿಯನ್ನೂ ಪ್ರಿಂಟ್ ಮಾಡಿಕೊಟ್ಟರು.

ಆಮೇಲೆ ತಮ್ಮ ಊಟದ ಮೇಜಿನ ಹಿಂದೆ ಕೂತು ತಾವೇ ಆಫೀಸರಾಗಿ, ನನ್ನನ್ನು ನಿಲ್ಲಿಸಿ ಪ್ರಶ್ನೆ ಕೇಳಿದರು. ನಾನು ಜಲಪಾತದ ಹೆಸರುಗಳನ್ನು ಶಾಲೆಯ ಹುಡುಗಿಯ ಹಾಗೆ ಒಪ್ಪಿಸಿದೆ. ಭೇಷ್ ಅಂದರು. ಮೂರನೇ ಸಲ ಒಪ್ಪಿಸುವಾಗ ನನಗೆ ನನ್ನ ಮೇಲೇ ಅಸಹ್ಯವಾಯಿತು. ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷ ನಾನು ಕಣ್ಣಿಂದ ನೋಡಿದ ರೀಡಿಂಗನ್ನು ಮಾತ್ರ ಪುಸ್ತಕದಲ್ಲಿ ಬರೆದವಳು. ಮ್ಯಾನೇಜರು ನಿಂತು ಹೇಳಿದಾಗಲೂ ಒಂದು ಅಂಕಿ ತಿದ್ದಿದವಳಲ್ಲ. ಈಗ ಈ ವಯಸ್ಸಿನಲ್ಲಿ, ನನ್ನ ಮನೆಗೆ ನಾನು ಹೋಗುವುದಕ್ಕೆ, ನೋಡದ ನೀರಿನ ಬಗ್ಗೆ ಸುಳ್ಳು ಹೇಳಬೇಕೇ? ನನಗಾಗಲ್ಲ ಶಿವಪ್ರಕಾಶ್, ನಿಮಗೆ ತೊಂದರೆ ಕೊಟ್ಟೆ ಅಂತ ಹೇಳಿ ಪಟ್ಟಿಯನ್ನು ಮೇಜಿನ ಮೇಲೇ ಬಿಟ್ಟು ಬಂದೆ. ಹೋಟೆಲ್ ಬುಕ್ಕಿಂಗನ್ನು ಪಾರ್ಕಿಂಗ್ ಲಾಟಿನಲ್ಲಿ ನಿಂತೇ ಕ್ಯಾನ್ಸಲ್ ಮಾಡಿದೆ.

ವೀಸಾಗೆ ಅರ್ಜಿ ಹಾಕ್ತೀನಿ ಅಂತ ಹೇಳಲು ಬಂಗಾರೆವ್ವನಿಗೆ ಫೋನ್ ಮಾಡಿದರೆ ಅವಳ ದನಿಯೇ ಬೇರೆಯಾಗಿತ್ತು. ಏನಾಯಿತು ಅಂತ ಎರಡು ಸಲ ಕೇಳಿದ ಮೇಲೆ ಹೇಳಿದಳು.

"ನಿನ್ ಮಗ ಫೋನ್ ಮಾಡಿದ್ದ. ಭಾಳ ಮರ್ಯಾದಿಲೆ ಮಾತಾಡಿದ. ಅಮ್ಮನ್ನ ಇನ್ನ ಅಲ್ಲಿ ಒಳಗ ಬಿಡಂಗಿಲ್ಲ, ನೀವು ದಾರಿ ಕಾಯಬ್ಯಾಡ್ರಿ ಅಂದ. ಅದಕ್ಕ ಮನಿ ಬಿಡ್ತೀನಂತ ಮಾಲಕರಿಗೆ ಹೇಳೀನಿ. ತಮ್ಮನ ಮಗ ಟಿಕೀಟ್ ನೋಡಾಕತ್ಯಾನ."

ಸಿಟ್ಟು ಬಂದರೆ ನಾನು ಕೂಗುವವಳು, ಅವತ್ತು ಕೂಗಲಿಕ್ಕೂ ಆಗಲಿಲ್ಲ. ಮನೆ ಬಿಡುವುದಿಲ್ಲ ಅಂತ ಈಗಲೇ ಹೋಗಿ ಹೇಳು, ಜೂನ್ ಮೂವತ್ತರ ಒಳಗೆ ನಾನು ಬರುತ್ತೇನೆ ಅಂದೆ.

"ಬರಾಕ ಬಿಡದಿದ್ರ?"

"ಬಿಡೋ ಹಾಗೆ ಮಾಡ್ಕೊಂಡೇ ಬರ್ತೀನಿ."

ಸುಜಯ್ ಆಫೀಸಿನಿಂದ ಬರುವ ತನಕ ಅಡುಗೆಮನೆಯಲ್ಲಿ ನಿಂತೇ ಇದ್ದೆ. ಬಂದವನಿಗೆ ಕಾಫಿ ಕೊಡಲಿಲ್ಲ. ಬಂಗಾರೆವ್ವನಿಗೆ ಫೋನ್ ಮಾಡು ಅಂತ ನಿನಗೆ ಯಾರು ಹೇಳಿದರು ಅಂತ ಕೇಳಿದೆ. ಅವನು ಮೊದಲು ಸಂಯುಕ್ತಾಳ ಮುಖ ನೋಡಿದ. ಅವಳಿಗೂ ಗೊತ್ತಿರಲಿಲ್ಲ ಅಂತ ಅವಳ ಮುಖವೇ ಹೇಳಿತು. ಆಂಟಿಗೂ ಪ್ಲಾನ್ ಮಾಡಿಕೊಳ್ಳಲು ಟೈಮ್ ಬೇಕಲ್ಲ, ಅದಕ್ಕೇ ಹೇಳಿದೆ ಅಂದ. ನನ್ನ ಮಾತನ್ನು ನಾನು ಹೇಳುತ್ತೇನೆ, ನನ್ನ ಬಾಯಿ ಇನ್ನೂ ಬಿದ್ದಿಲ್ಲ ಅಂದೆ. ಆಗ ಅವನ ದನಿಯೂ ಏರಿತು.

"ಅಲ್ಲಿ ನಿನಗೇ ಏನಾದ್ರೂ ಆದ್ರೆ ಯಾರಮ್ಮ ನೋಡ್ಕೊಳ್ತಾರೆ? ಕಣ್ಣು ಕಾಣದೇ ಇರೋ ಆಂಟಿನಾ?"

"ಹೂಂ. ಅವಳೇ."

"ದಿಸ್ ಈಸ್ ಯುವರ್ ಹೋಮ್, ಅಮ್ಮ."

ಅವನಿಗೆ ಭಯ, ಅದು ನನಗೆ ಅರ್ಥವಾಗುತ್ತದೆ. ಅಪ್ಪ ಹೋದದ್ದನ್ನು ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ಒಬ್ಬನೇ ನೋಡಿದ ಮಗ ಅವನು. ಆದರೆ ಅವನ ಭಯಕ್ಕೆ ಔಷಧಿಯಾಗಿ ನಾನು ಕೆಳಗಿನ ರೂಮಿನಲ್ಲಿ ಉಳಿದ ವರ್ಷಗಳನ್ನು ಕಳೆಯಲು ತಯಾರಿರಲಿಲ್ಲ. ವೀಸಾಗೆ ಅರ್ಜಿ ಹಾಕುತ್ತಿದ್ದೇನೆ, ಟೂರಿಸ್ಟು ಅಂತಲ್ಲ, ಇರುವುದಕ್ಕೆ ಅಂತ ಹೇಳಿದೆ. ಇದಕ್ಕೆ ನಾನು ಹೆಲ್ಪ್ ಮಾಡಲ್ಲ ಅಂತ ಹೇಳಿ ಅವನು ಮಹಡಿ ಹತ್ತಿದ. ನಿನ್ನನ್ನು ಯಾರು ಕೇಳಿದರು ಅಂತ ನಾನೂ ಕೆಳಗಿನಿಂದಲೇ ಅಂದೆ.

ಆಮೇಲಿನ ಐದು ವಾರ ಆ ಕಾಗದಗಳು ನನ್ನ ಜೀವ ತಿಂದವು. ಪೊಲೀಸರಿಂದ ಒಳ್ಳೆಯವಳು ಅಂತ ಸರ್ಟಿಫಿಕೇಟು ಬೇಕು, ಅದಕ್ಕೆ ಬೆರಳಚ್ಚು ಬೇಕು. ಸ್ಯಾನ್ ಹೋಸೆಯ ಒಂದು ಅಂಗಡಿಯಲ್ಲಿ ಗಾಜಿನ ಮೇಲೆ ಬೆರಳಿಟ್ಟರೆ ಮಿಷನ್ನು ಒಪ್ಪಲಿಲ್ಲ. ಇಪ್ಪತ್ತಾರು ವರ್ಷ ಗ್ಲೌಸು ಹಾಕಿ ತೆಗೆದು, ಸ್ಪಿರಿಟ್ಟಿನಲ್ಲಿ ಒರೆಸಿ, ಮನೆಗೆ ಬಂದು ಪಾತ್ರೆ ತಿಕ್ಕಿದ ಬೆರಳುಗಳು, ಗೆರೆಯೇ ಉಳಿದಿರಲಿಲ್ಲ. ಮುಂದಿನ ವಾರ ಬನ್ನಿ ಅಂದರು. ವಾರವಿಡೀ ದಿನಕ್ಕೆ ನಾಲ್ಕು ಸಲ ಕೈಗೆ ಕೊಬ್ಬರಿ ಎಣ್ಣೆ ತಿಕ್ಕಿಕೊಂಡೆ, ಪಾತ್ರೆ ಮುಟ್ಟಲಿಲ್ಲ. ಸಂಯುಕ್ತಾ ಮಾತಿಲ್ಲದೆ ಸಿಂಕಿನ ಮುಂದೆ ನಿಂತು ತೊಳೆದಳು. ಎರಡನೇ ಸಲ ಹೋದಾಗ ಅರ್ಧ ದಿನ ರಜೆ ಹಾಕಿ ಅವಳೇ ಡ್ರೈವ್ ಮಾಡಿದಳು. ಫ್ರೀವೇ ಮೇಲೆ ಮುಂದೆ ನೋಡಿಕೊಂಡೇ, ನಂಗೆ ನಿಮ್ಮ ಮೇಲೆ ಕೋಪ ಇಲ್ಲ ಅತ್ತೆ, ಬೇಸರ ಇದೆ ಅಂದಳು. ಅಷ್ಟು ನೆಟ್ಟಗೆ ಅವಳು ನನ್ನ ಹತ್ತಿರ ಮಾತಾಡಿದ್ದು ಅದೇ ಮೊದಲು. ನನಗೂ ಬೇಸರ ಇದೆ ಕಣೇ ಅಂದೆ. ಎಂಟು ಬೆರಳು ಸರಿಯಾಗಿ ಬಂದವು, ಸಾಕು ಅಂದರು.

ಡಾಕ್ಟರ ಹತ್ತಿರ ಇನ್ನೊಂದು ತಮಾಷೆ. ನನಗೆ ಕುಷ್ಠವಿಲ್ಲ, ಕ್ಷಯವಿಲ್ಲ, ಆನೆಕಾಲು ರೋಗವಿಲ್ಲ, ಮಾದಕ ವಸ್ತುಗಳ ಚಟವಿಲ್ಲ, ಮೂರನೇ ಹಂತದ ಸಿಫಿಲಿಸ್ ಇಲ್ಲ ಅಂತ ಅವರು ಬರೆದು ಕೊಡಬೇಕು. ಹನ್ನೊಂದು ವರ್ಷದಿಂದ ನನ್ನ ಬೀಪಿ ನೋಡುತ್ತಿರುವ ಆ ಮನುಷ್ಯ ಪಟ್ಟಿ ಓದುತ್ತ ಓದುತ್ತ ಕಿವಿಯ ತನಕ ಕೆಂಪಾದರು. ಕೊನೆಯದನ್ನು ಬಾಯಿಬಿಟ್ಟು ಕೇಳಲಾರದೆ ಸುಮ್ಮನೆ ಗುರುತು ಹಾಕಿದರು. ನಾನು, ಎಲ್ಲವನ್ನೂ ಟೆಸ್ಟ್ ಮಾಡಿಯೇ ಬರೆಯಿರಿ ಡಾಕ್ಟರೇ ಅಂದೆ. ರಕ್ತ ತೆಗೆಸಿದರು. ಇನ್ಶೂರೆನ್ಸು, ಬ್ಯಾಂಕಿನ ಪತ್ರ, ಫೋಟೋ, ಬಂಗಾರೆವ್ವನ ಮನೆಯ ವಿಳಾಸ ಎಲ್ಲ ಸೇರಿಸಿ ಮೇ ತಿಂಗಳ ಕೊನೆಗೆ ಅರ್ಜಿಯನ್ನು ಕಂಪ್ಯೂಟರಿನಲ್ಲಿ ಒಬ್ಬಳೇ ಕಳಿಸಿದೆ. ಮೂರು ಸಲ ಅದು ಫೋಟೋ ದೊಡ್ಡದಾಯಿತು ಅಂತ ವಾಪಸು ಉಗುಳಿತು. ನಾಲ್ಕನೇ ಸಲ ನುಂಗಿತು.

ಜೂನ್ ಹತ್ತಕ್ಕೆ ಥಾಯ್ಲೆಂಡಿನ ಕಾನ್ಸುಲೇಟಿನಿಂದ ಈಮೇಲು ಬಂತು. ಎಲ್ಲರನ್ನೂ ಕೇಳುತ್ತಾರೋ ಇಲ್ಲವೋ ಗೊತ್ತಿಲ್ಲ, ನನ್ನನ್ನು ಕೇಳಿದ್ದರು: ಎರಡು ವರ್ಷದಲ್ಲಿ ವೀಸಾ ಇಲ್ಲದೆ ಐದು ಸಲ ಯಾಕೆ ಬಂದಿರಿ, ಅಲ್ಲಿ ಏನು ಮಾಡುತ್ತಿದ್ದಿರಿ, ಪತ್ರದಲ್ಲಿ ವಿವರಿಸಿ. ಉತ್ತರಕ್ಕೆ ಏಳು ದಿನ. ಇಷ್ಟು ದೂರ ಬಂದು ಇಲ್ಲಿ ಕೈ ತಪ್ಪಿತೇ ಅಂತ ರೂಮಿನಲ್ಲಿ ಕೂತು ಅತ್ತೆ. ಸುಜಯ್ ಬಾಗಿಲಲ್ಲಿ ನಿಂತಿದ್ದ. ಅಮ್ಮ ಅತ್ತರೆ ಅವನು ಚಿಕ್ಕಂದಿನಿಂದಲೂ ತಡೆಯಲಾರ. ಸಹಾಯ ಮಾಡಲ್ಲ ಅಂದವನು ಈಮೇಲು ಓದಿ, ನಾನು ಬರೆದುಕೊಡ್ತೀನಿ ತಾಳು ಅಂತ ಹದಿನೈದು ನಿಮಿಷದಲ್ಲಿ ಒಂದು ಪತ್ರ ತಂದ. ಥಾಯ್ ಸಂಸ್ಕೃತಿಯಿಂದ ಪ್ರಭಾವಿತಳಾಗಿ, ಅಲ್ಲಿನ ಪ್ರಕೃತಿ ಸೌಂದರ್ಯಕ್ಕೆ ಮನಸೋತು ಅಂತ ಚೆಂದದ ಇಂಗ್ಲಿಷು. ಅವನು ಪ್ರೀತಿಯಿಂದಲೇ ಬರೆದದ್ದು. ಇದು ನಾನಲ್ಲ ಸುಜಯ್ ಅಂತ ವಾಪಸು ಕೊಟ್ಟೆ.

ಮಾರನೆಯ ದಿನ ಊಟದ ಮೇಜಿನ ಮುಂದೆ ಕೂತು ನನ್ನ ಕೈಯಲ್ಲಿ ಬರೆದೆ. ನನ್ನ ಇಂಗ್ಲಿಷು ಲ್ಯಾಬ್ ರಿಪೋರ್ಟಿನ ಇಂಗ್ಲಿಷು, ಅಲಂಕಾರ ಗೊತ್ತಿಲ್ಲ. ಕನ್ನಡದಲ್ಲಿ ಹೇಳಿದರೆ ಅದು ಇಷ್ಟು:

"ನಾನು ಐದು ಸಲ ಟೂರಿಸ್ಟ್ ಎಂದು ಹೇಳಿಕೊಂಡು ಬಂದೆ. ಮೊದಲ ಸಲ ಬಿಟ್ಟರೆ ಅದು ನಿಜವಲ್ಲ. ನಾನು ಏನನ್ನೂ ನೋಡಿಲ್ಲ. ನನ್ನ ಸ್ನೇಹಿತೆಯ ಮನೆಯಲ್ಲಿ ಇರುತ್ತೇನೆ. ಅವಳ ಬಲಗಣ್ಣು ಕಾಣಿಸುವುದಿಲ್ಲ. ಬೆಳಿಗ್ಗೆ ಏಳಕ್ಕೆ, ರಾತ್ರಿ ಒಂಬತ್ತಕ್ಕೆ ಅವಳ ಎಡಗಣ್ಣಿಗೆ ಡ್ರಾಪ್ಸ್ ಹಾಕುತ್ತೇನೆ. ಇದಕ್ಕೆ ಸಂಬಳವಿಲ್ಲ. ನನ್ನ ಗಂಡ ತೀರಿಕೊಂಡಾಗ ಅವಳು ಒಂದು ವರ್ಷ ದಿನಾ ಬೆಳಿಗ್ಗೆ ನನ್ನ ಮನೆಗೆ ಬಂದಳು, ಅದಕ್ಕೂ ಸಂಬಳವಿರಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ನನಗೆ ಮಗ, ಸೊಸೆ, ಮೊಮ್ಮಗಳು ಇದ್ದಾರೆ. ಅವರು ಒಳ್ಳೆಯವರು. ಅವರಿಗೆ ನನ್ನ ಅಭ್ಯಾಸವಿದೆ, ಅಗತ್ಯವಿಲ್ಲ. ವೀಸಾ ಕೇಳದೆ ಬಂದದ್ದು ನಿಮ್ಮ ಕಾನೂನು ಗೊತ್ತಿಲ್ಲದೆ ಅಲ್ಲ. ಕೇಳಿದ್ದರೆ ನನ್ನ ಮನೆ ಎಲ್ಲಿದೆ ಎಂದು ನನ್ನ ಮಗನಿಗೆ ಹೇಳಬೇಕಾಗುತ್ತಿತ್ತು. ಆ ಧೈರ್ಯ ಈಗ ಬಂದಿದೆ. ತಪ್ಪಾಯಿತು, ಕ್ಷಮಿಸಿ."

ಕೈಬರಹ ನಡೆಯುವುದಿಲ್ಲ, ಟೈಪ್ ಮಾಡಿ ಕಳಿಸಬೇಕು. ನನ್ನ ಕಂಪ್ಯೂಟರು ಅವತ್ತೇ ಹಟ ಹಿಡಿಯಿತು. ಬೇರೆ ದಾರಿಯಿಲ್ಲದೆ ಹಾಳೆಯನ್ನು ಸುಜಯ್‌ಗೆ ಕೊಟ್ಟೆ. ಅವನು ನೋಡಿ ನೋಡಿ ಟೈಪ್ ಮಾಡಲು ಶುರುಮಾಡಿದ, ಮೊದಲ ನಾಲ್ಕು ಸಾಲು ಸರಸರ ಹೋಯಿತು. ಆಮೇಲೆ ನಿಧಾನವಾಯಿತು. ನಾನು ಅವನ ಎದುರಿನ ಕುರ್ಚಿಯಲ್ಲಿ ಕೂತಿದ್ದೆ, ಅವನ ಕಣ್ಣು ಯಾವ ಸಾಲಿನ ಮೇಲಿದೆ ಅಂತ ನನಗೆ ಗೊತ್ತಾಗುತ್ತಿತ್ತು. ಮಗನ ಬಗ್ಗೆ ಬರೆದ ಸಾಲು ಬಂದಾಗ ಅವನ ಬೆರಳು ನಿಂತಿತು. ತೆಗೆದುಬಿಡು ಅನ್ನಬೇಕು ಅಂತ ನಾಲಿಗೆ ತುದಿಗೆ ಬಂತು. ಹೇಳಲಿಲ್ಲ, ಹಲ್ಲು ಕಚ್ಚಿ ಕೂತೆ. ಅವನು ಆ ಸಾಲನ್ನೂ ಟೈಪ್ ಮಾಡಿದ, ಕೊನೆಯ ತನಕ ಒಂದಕ್ಷರ ಬಿಡದೆ ಮುಗಿಸಿದ.

"ಹೀಗೇ ಕಳಿಸ್ಲಾ ಅಮ್ಮ?"

"ಹೀಗೇ ಕಳಿಸು."

ಕಳಿಸಿದ. ಎದ್ದು ಹಿತ್ತಲಿಗೆ ಹೋದ. ತುಂಬ ಹೊತ್ತು ಬರಲಿಲ್ಲ ಅಂತ ಕಿಟಕಿಯಿಂದ ನೋಡಿದರೆ ನಿಂಬೆ ಗಿಡದ ಹತ್ತಿರ ನಿಂತು ಫೋನಿನಲ್ಲಿ ಮಾತಾಡುತ್ತಿದ್ದ. ಬಂಗಾರೆವ್ವನೇ ಆಮೇಲೆ ನನಗೆ ಹೇಳಿದ್ದು. ಮೊದಲು ನಾನು ಹೇಳಿದ್ದು ತಪ್ಪಾಯಿತು ಆಂಟಿ, ದಯವಿಟ್ಟು ಮನೆ ಬಿಡಬೇಡಿ ಅಂದನಂತೆ. ಅಮ್ಮನ ವೀಸಾ ಬಂತೇನಪ್ಪ ಅಂತ ಇವಳು ಕೇಳಿದ್ದಕ್ಕೆ, ಇನ್ನೂ ಇಲ್ಲ, ಬರುತ್ತೆ, ಅವಳು ಬಿಡೋ ಹಾಗೆ ಕಾಣಲ್ಲ ಅಂದನಂತೆ. ನನ್ನ ಹತ್ತಿರ ಮಾತ್ರ ಅವನು ಆ ಪತ್ರದ ಸುದ್ದಿ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆ ಭಾನುವಾರ ಮಾತ್ರ, ನಿನ್ನ ಫ್ರೆಂಡ್ಸ್‌ನ ಊಟಕ್ಕೆ ಕರಿ ಅಮ್ಮ ಅಂದ. ಕರೆದೆ. ಲ್ಯಾಬಿನ ನಾಲ್ಕು ಜನ ಬಂದು ಬಿಸಿಬೇಳೆಬಾತು ತಿಂದು, ಸಂಜೆ ತನಕ ಮನೆ ಎತ್ತಿಹೋಗುವ ಹಾಗೆ ನಕ್ಕು ಹೋದರು.

ಜೂನ್ ಇಪ್ಪತ್ತಕ್ಕೆ ವೀಸಾ ಬಂತು. ಒಂದು ವರ್ಷದ್ದು. ಫೋನಿನಲ್ಲಿ ಅದನ್ನು ತೆರೆದು ನನ್ನ ಹೆಸರು, ಹುಟ್ಟಿದ ತಾರೀಖು, ಬಂದ ಕಾರಣ ಎಲ್ಲ ಎರಡೆರಡು ಸಲ ಓದಿದೆ. ಕಾರಣ: ನಿವೃತ್ತಿ ಜೀವನ. ಟೂರಿಸಂ ಅನ್ನುವ ಮಾತು ಎಲ್ಲೂ ಇರಲಿಲ್ಲ. ಬಂಗಾರೆವ್ವನಿಗೆ ಫೋನ್ ಮಾಡಿದರೆ ಅವಳು, ಹಂಗಾರ ಇನ್ನ ಮ್ಯಾಲ ರೊಟ್ಟಿನ, ಮುದ್ದಿ ಗಿದ್ದಿ ನಡಿಯಂಗಿಲ್ಲ ಅಂತ ಈಗಿಂದಲೇ ಜಗಳ ಶುರುಮಾಡಿದಳು. ಮಾತಿನ ನಡುವೆ ಮೂಗು ಎಳೆದುಕೊಂಡದ್ದು ಕೇಳಿಸಿತು.

ಇಪ್ಪತ್ತನಾಲ್ಕಕ್ಕೆ ಮಧ್ಯಾಹ್ನದ ಫ್ಲೈಟು. ಸುಜಯ್ ಒಬ್ಬನೇ ಏರ್‌ಪೋರ್ಟಿಗೆ ಬಿಡಲು ಬಂದ. ಸಂಯುಕ್ತಾ, ಮಾನ್ಯಾ ಮನೆಯ ಬಾಗಿಲಲ್ಲೇ ತಬ್ಬಿಕೊಂಡು ಅತ್ತು ಕಳಿಸಿಕೊಟ್ಟಿದ್ದರು. ದಾರಿಯುದ್ದಕ್ಕೂ ಅವನು ಬೀಪಿ ಮಾತ್ರೆ, ಇನ್ಶೂರೆನ್ಸ್ ಕಾರ್ಡು, ಇಳಿದ ತಕ್ಷಣ ಮೆಸೇಜು ಅಂತ ನೆನಪಿಸುತ್ತಲೇ ಇದ್ದ. ನಾನು ಹೂಂ ಹೂಂ ಅಂದುಕೊಂಡೇ ಬಂದೆ. ಸೂಟ್‌ಕೇಸುಗಳನ್ನು ಇಳಿಸಿ ಗಾಡಿಯಲ್ಲಿಟ್ಟು, ಪ್ರತಿ ಸಲ ಕೇಳುವ ಹಾಗೆ ಕೇಳಿದ.

"ಯಾವಾಗ ಬರ್ತೀಯಮ್ಮ?"

ಐದು ಸಲವೂ ಅವನಿಗೆ ತಾರೀಖು ಹೇಳಿದ್ದೆ, ಟಿಕೆಟ್ಟಿನಲ್ಲೇ ಇರುತ್ತಿತ್ತು. ಈ ಸಲ ವಾಪಸಿನ ಟಿಕೆಟ್ಟು ಮಾಡಿಸಿರಲಿಲ್ಲ. ಅದು ಅವನಿಗೂ ಗೊತ್ತಿತ್ತು, ಅವನೇ ಬುಕ್ ಮಾಡಿಕೊಟ್ಟದ್ದು. ಆದರೂ ಬಾಯಿಗೆ ಬಂದುಬಿಟ್ಟಿತ್ತು.

"ಈ ಸಲ ನೀವು ಬನ್ನಿ," ಅಂದೆ. "ಡಿಸೆಂಬರಲ್ಲಿ ಮಾನ್ಯಾಗೆ ರಜಾ ಇರುತ್ತಲ್ಲ, ಮೂರೂ ಜನ ಬನ್ನಿ. ನಿಮಗೆ ವೀಸಾ ಗೀಸಾ ಏನೂ ಬೇಡ. ನೀವು ಟೂರಿಸ್ಟು."

ಅವನು ನನ್ನ ಮುಖ ನೋಡಿದ. ಹಿಂದಿನ ಕಾರಿನವನು ಹಾರ್ನ್ ಮಾಡಿದ, ಸುಜಯ್ ತಿರುಗಿಯೂ ನೋಡಲಿಲ್ಲ.

"ಬಂದ್ರೆ, ಎಷ್ಟು ದಿನ ಇರಬಹುದು ನಾವು?" ಅಂತ ಕೇಳಿದ.

ಅರವತ್ತು ದಿನ ಅಂದೆ. ಅಂದ ಮೇಲೆ ಸಾಲದು ಅನ್ನಿಸಿ, ಬೇಕಾದರೆ ಇನ್ನೂ ಮೂವತ್ತು ದಿನ ಕೊಡುತ್ತಾರೆ, ಆ ಆಫೀಸಿಗೆ ನಾನೇ ಕರೆದುಕೊಂಡು ಹೋಗುತ್ತೇನೆ ಅಂದೆ.